ಮರಳಿಲ್ಲದ ಸಮುದ್ರಕ್ಕೆ ಸುಸ್ವಾಗತ

ಮೊನ್ನೆ ಹೊರಬಿದ್ದ ಆ ಮಿರಿಮಿರಿ ಪುಸ್ತಿಕೆಯನ್ನು ನೀವೂ ನೋಡಿರುತ್ತೀರಿ. ಕಟ್ಟಡದ ಮುಂಭಾಂಗಣದಲ್ಲಿ ಸ್ಟಿಂಗ್‌ರೇ ಎಂಬ ಚಪ್ಪಟೆ ಮೀನುಗಳಿಗೆ ದೊಡ್ಡ ತೊಟ್ಟಿ ಕಟ್ಟಿ, ಸಮುದ್ರವನ್ನೇ ತಂದು ನಿಲ್ಲಿಸುತ್ತಾರಂತೆ. ಇಂಥ ಯೋಜನೆ ಯಾರದೇ ಆಗಲಿ, ಚಿತ್ರ ಮಾತ್ರ ಒಂದೇ: ನಡುವೆ ಪಾರದರ್ಶಕ ಕಂಬ, ಕಂಬದ ತುಂಬ ನೀಲಿ ಬೆಳಕು, ಆ ಬೆಳಕಿನಲ್ಲಿ ರೆಕ್ಕೆ ಬಿಚ್ಚಿ ಸ್ವರ್ಗಾರೋಹಣ ಮಾಡುತ್ತಿರುವ ಸ್ಟಿಂಗ್‌ರೇ, ಕೆಳಗೆ ಬಾಯಿ ತೆರೆದು ನಿಂತ ಒಂದು ಮಗು. ಆ ಮಗು ಎಲ್ಲ ಪುಸ್ತಿಕೆಗಳಲ್ಲೂ ಇರುತ್ತದೆ. ನೀರು ಶುದ್ಧಮಾಡುವ ಯಂತ್ರ ಯಾವುದರಲ್ಲೂ ಇರುವುದಿಲ್ಲ.

ಯೋಜಕರ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಸ್ಟಿಂಗ್‌ರೇ ಎಂದರೆ ಮೀನುಗಾರರ ತೊರಕೆ, ಹಾಸಿದ ಚಾಪೆಯಂತೆ ತಳಕ್ಕೆ ಅಂಟಿಕೊಂಡು ಬದುಕುವ ಜೀವಿ. ಅದಕ್ಕೆ ಬೇಕಾದದ್ದು ಅಗಲವಾದ ನೆಲ, ಮೈಗೆ ತರಚದ ನುಣುಪು ಮರಳು, ತಿರುಗಲು ಅಡ್ಡಿಯಿಲ್ಲದ ಬಯಲು. ಸದಾ ಈಜುತ್ತಲೇ ಇರುವ ಕೌನೋಸ್ ಜಾತಿಯದಾದರೆ ರೆಕ್ಕೆಯ ಹರವು ಒಂದು ಮೀಟರ್ ಮುಟ್ಟುತ್ತದೆ, ಸಾಲದೆಂಬಂತೆ ಅದು ಗುಂಪಿನಲ್ಲೇ ಓಡಾಡಬೇಕು. ಹೀಗೆ ನೆಲ ಬೇಕೆನ್ನುವ ಜೀವಿಗೆ ನಮ್ಮವರು ಎತ್ತರ ಕೊಟ್ಟಿದ್ದಾರೆ. ನೆಲ ಉಳಿದಿದ್ದರಲ್ಲವೇ ಕೊಡುವುದು? ಅಲ್ಲಿ ಸೋಫಾ ಬರಬೇಕು.

ಎತ್ತರದ ಮೋಹ ಹೊಸದೇನಲ್ಲ. ಬರ್ಲಿನ್ ನಗರದ ಹೋಟೆಲೊಂದರ ಮುಂಭಾಂಗಣದಲ್ಲಿ ಅಕ್ವಾಡೋಮ್ ಎಂಬ ಕಂಬವಿತ್ತು. 10 ಲಕ್ಷ ಲೀಟರ್ ಉಪ್ಪುನೀರು, ಸುಮಾರು 1,500 ಮೀನು, ನಟ್ಟನಡುವೆ ಮೇಲೇರುವ ಲಿಫ್ಟ್. 2022ರ ಡಿಸೆಂಬರ್ 16ರ ಬೆಳಗಿನ ಜಾವ ಅದು ಒಡೆದು, ಸಮುದ್ರ ಬಾಗಿಲು ದಾಟಿ ಬೀದಿಗೆ ಬಂತು. ಜನ ಎದ್ದು ಓಡಾಡುವ ಹೊತ್ತಲ್ಲವಾದ್ದರಿಂದ ಗಾಯಗೊಂಡವರು ಇಬ್ಬರೇ. ಮೀನುಗಳಿಗೆ ಆ ಅದೃಷ್ಟವಿರಲಿಲ್ಲ. ನಮ್ಮ ಪುಸ್ತಿಕೆಯವರು ಈ ಘಟನೆಯಿಂದ ಪಾಠ ಕಲಿತಿದ್ದಾರೆ. ಅವರ ಕಂಬದಲ್ಲಿ ಲಿಫ್ಟ್ ಇಲ್ಲ.

ಮರಳಿನ ವಿಷಯಕ್ಕೆ ಬರೋಣ, ಅಸಲಿ ತಮಾಷೆ ಇರುವುದು ಅಲ್ಲಿ. ನೆಮ್ಮದಿಯಾಗಿರುವ ಸ್ಟಿಂಗ್‌ರೇ ಕಣ್ಣಿಗೇ ಬೀಳುವುದಿಲ್ಲ. ರೆಕ್ಕೆಯ ಅಂಚನ್ನು ಎರಡು ಸಲ ಪಟಪಟ ಬಡಿದು, ಎದ್ದ ಮರಳನ್ನು ತನ್ನ ಮೈಮೇಲೆ ತಾನೇ ಎಳೆದುಕೊಳ್ಳುತ್ತದೆ. ಆಮೇಲೆ ಕಾಣುವುದು ಎರಡು ಕಣ್ಣು, ಅವುಗಳ ಹಿಂದೆ ನೀರೆಳೆದುಕೊಳ್ಳುವ ಎರಡು ರಂಧ್ರ, ಅಷ್ಟೇ. ಬಾಯಿ ಹೊಟ್ಟೆಯ ಕಡೆಗಿರುವುದರಿಂದ ಉಸಿರಾಟಕ್ಕೆ ಪ್ರಕೃತಿ ಮಾಡಿಕೊಟ್ಟ ಮೇಲ್ದಾರಿ ಅದು. ಇಷ್ಟು ಹಣ ಸುರಿದವರಿಗೆ ಮರಳು ತೋರಿಸಿ ಕಳುಹಿಸುವುದುಂಟೇ? ಪರಿಹಾರ ಸಿದ್ಧವಾಗಿದೆ: ಮರಳು ರದ್ದು. ಬದಲಿಗೆ ಹೊಳೆಯುವ ಬಣ್ಣದ ಕಲ್ಲು, ಜೊತೆಗೊಂದು ಮುಳುಗಿದ ಹಡಗು. ಹೊಟ್ಟೆ ಉಜ್ಜಿ ಗಾಯವಾಗಿ ಕೀವು ತುಂಬಿದರೆ ಅದು ಪಶುವೈದ್ಯರ ಪಾಡು. ಆ ವೈದ್ಯರೂ ಎಚ್ಚರವಾಗಿರಬೇಕು, ಬೇರೆ ಮೀನುಗಳ ಪರೋಪಜೀವಿಗಳಿಗೆ ಹಾಕುವ ತಾಮ್ರದ ಔಷಧ ಈ ಕುಲಕ್ಕೆ ವಿಷ.

ಅಡಗಲು ಜಾಗವಿಲ್ಲದ ಮೀನು ತೊಟ್ಟಿಯ ಪಾರದರ್ಶಕ ಗೋಡೆಗೆ ಹೊಟ್ಟೆಯೊತ್ತಿ ಮೇಲಕ್ಕೂ ಕೆಳಕ್ಕೂ ಹತ್ತಿ ಇಳಿಯತೊಡಗುತ್ತದೆ. ಆಗ ಇಡೀ ಮುಂಭಾಂಗಣ ಕರಗಿಹೋಗುತ್ತದೆ: ಅಯ್ಯೋ, ನಗುತ್ತಿದೆ ನೋಡಿ! ಮಹನೀಯರೇ, ನೀವು ಕಣ್ಣೆಂದು ತಿಳಿದವು ಹೊಟ್ಟೆಯ ಕಡೆ ಬಾಯಿಯ ಮೇಲಿರುವ ಮೂಗಿನ ಹೊಳ್ಳೆಗಳು. ಕಣ್ಣಿರುವುದು ಆಚೆ ಬದಿಗೆ, ಅದು ನಿಮ್ಮನ್ನು ನೋಡುತ್ತಲೂ ಇಲ್ಲ.

ನಗುವಿನ ಮಾತು ಬಂದಾಗ ಷಾರ್ಲೆಟ್‌ಳನ್ನು ಬಿಡುವುದು ಹೇಗೆ? ಅಮೆರಿಕದ ಉತ್ತರ ಕೆರೊಲಿನಾದ ಆ ಸ್ಟಿಂಗ್‌ರೇ ಗಂಡಿನ ಸಂಪರ್ಕವಿಲ್ಲದೆಯೇ ಗರ್ಭ ಧರಿಸಿದ್ದಾಳೆಂಬ ಸುದ್ದಿ 2024ರ ಫೆಬ್ರವರಿಯಲ್ಲಿ ಲೋಕವನ್ನೆಲ್ಲ ಸುತ್ತಿತು. ಅದೇ ತೊಟ್ಟಿಯಲ್ಲಿದ್ದ ಶಾರ್ಕ್ ಮೇಲೆ ಪಿತೃತ್ವದ ಆರೋಪವೂ ಬಂತು. ಅದು ಸಾಧ್ಯವೇ ಇಲ್ಲ, ಗಂಡಿಲ್ಲದೆ ಮರಿಯಾಗುವುದಾದರೂ ಉಂಟು ಎಂದು ವಿಜ್ಞಾನಿಗಳು ಹೇಳಿದರು. ಕೇಳುವವರಾರು? ಮನೆಮಂದಿಯ ಬಾಣಂತನಕ್ಕೆ ರಜೆ ಹಾಕದವರೂ ಷಾರ್ಲೆಟ್‌ಳ ಹೆರಿಗೆಗೆ ಕಾದು ಕುಳಿತರು. ಮರಿ ಬರಲಿಲ್ಲ. ಆಕೆಗೆ ಸಂತಾನಾಂಗದ ಅಪರೂಪದ ಕಾಯಿಲೆಯಿದೆ ಎಂಬ ಪ್ರಕಟಣೆ ಬಂತು, ಜೂನ್ ಕೊನೆಗೆ ಸತ್ತೇ ಹೋದಳು. ಶಾರ್ಕ್‌ನ ಕ್ಷಮೆಯನ್ನು ಯಾರೂ ಕೇಳಿದಂತಿಲ್ಲ.

ಪುಸ್ತಿಕೆಗೆ ಮರಳುತ್ತೇನೆ. ಯಾವ ಜಾತಿಯ ಮೀನೆಂಬುದನ್ನೂ ತೀರ್ಮಾನಿಸಿದ್ದಾರೆ: ನೀಲಿ ಚುಕ್ಕೆಯದು. ಸಂಸ್ಥೆಯ ಲಾಂಛನಕ್ಕೆ ಹೊಂದುತ್ತದಂತೆ. ಸೆರೆಯಲ್ಲಿ ಅನ್ನಾಹಾರ ಬಿಟ್ಟು ಸೊರಗುವುದಕ್ಕೇ ಹೆಸರಾದ ಮೀನು ಇದು ಎಂದು ಸಾಕಿ ಕೈಸುಟ್ಟುಕೊಂಡವರೆಲ್ಲ ಹೇಳುತ್ತಾರೆ. ಲಾಂಛನ ಬದಲಿಸುವುದು ಸುಲಭವಿತ್ತು. ಇನ್ನು ಲೆಕ್ಕ. ಒಂದು ಲಕ್ಷ ಲೀಟರ್ ತೊಟ್ಟಿಗೆ ಲೀಟರಿಗೆ 35 ಗ್ರಾಂನಂತೆ 3,500 ಕಿಲೋ ಉಪ್ಪು ಬೇಕು. ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದಾಗಲೆಲ್ಲ ಮತ್ತೆ 350 ಕಿಲೋ. ನೀರಿನ ಭಾರವೇ 100 ಟನ್ ದಾಟುತ್ತದೆ. ಶೋಧಕ, ನೊರೆ ತೆಗೆಯುವ ಯಂತ್ರ, ಪಂಪು, ಹೊಸ ಮೀನನ್ನು ಬೇರೆಯಾಗಿಡುವ ತೊಟ್ಟಿ, ಇವಕ್ಕೆಲ್ಲ ಸೇರಿ ದೊಡ್ಡ ಕೋಣೆಯೇ ಬೇಕು. ನಕ್ಷೆಯಲ್ಲಿ ಮೆಟ್ಟಿಲ ಕೆಳಗಿನ ಮೂಲೆ ತೋರಿಸಿದ್ದಾರೆ, ಅಲ್ಲಿ ಪೊರಕೆಯೂ ಇರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬಂದಿದೆ: ಬಣ್ಣ ಬದಲಿಸುವ ದೀಪಗಳಿಗೆ ಪುಸ್ತಿಕೆಯಲ್ಲಿ ಎರಡು ಪುಟ.

ಉದ್ಘಾಟನೆಯ ದಿನವೂ ನಿಗದಿಯಾಗಿದೆ, ನೀರು ತುಂಬಿದ ಮರುವಾರ. ಮೀನು ಹೊರಹಾಕುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಆಗಿಸಿ, ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಟ್ಟಲೆ ಹಿಡಿಯುತ್ತದೆ. ಗಣ್ಯರ ಬಿಡುವಿನ ವೇಳೆ ಬ್ಯಾಕ್ಟೀರಿಯಾಕ್ಕೆ ತಿಳಿಸಿಲ್ಲವೆಂದು ಕಾಣುತ್ತದೆ.

ನಗುತ್ತಾ ಬರೆಯಲು ಕುಳಿತವನಿಗೆ ಇಲ್ಲಿಗೆ ಬರುವಷ್ಟರಲ್ಲಿ ಸಾಕಾಗಿದೆ. 2015ರ ಜುಲೈನಲ್ಲಿ ಷಿಕಾಗೊ ಹತ್ತಿರದ ಬ್ರೂಕ್‌ಫೀಲ್ಡ್ ಮೃಗಾಲಯದಲ್ಲಿ, ಜನ ಮುಟ್ಟಿ ಮುದ್ದಾಡಲೆಂದು ಮಾಡಿದ್ದ ಕೊಳದಲ್ಲಿ ಆಮ್ಲಜನಕ ಕುಸಿದು 54 ಸ್ಟಿಂಗ್‌ರೇಗಳು ಸತ್ತವು. ಅಲ್ಲಿ ಪಶುವೈದ್ಯರಿದ್ದರು, ಪರಿಣತ ಸಿಬ್ಬಂದಿಯಿದ್ದರು, ಅನುಭವವಿತ್ತು. ಅಂಥಲ್ಲೇ ಹೀಗಾದರೆ, ರಾತ್ರಿ ಹತ್ತಕ್ಕೆ ಬೀಗ ಹಾಕಿ ಹೋಗುವ ಕಾವಲುಗಾರನೊಬ್ಬನ ಮೇಲೆ ಭಾರ ಹಾಕಿ ಯಾವ ಧೈರ್ಯದಿಂದ ಇದನ್ನು ಕಟ್ಟುತ್ತೀರಿ? ವಿದ್ಯುತ್ ಹೋದರೆ ಪಂಪಿಗೆ ಗತಿ ಏನು? ತೊಟ್ಟಿಗೆ ಒಂದು ವರ್ಷ ತುಂಬುವ ಹೊತ್ತಿಗೆ ನೀವು ಬೇರೆ ಯೋಜನೆಯ ಪುಸ್ತಿಕೆ ಅಚ್ಚು ಹಾಕಿಸುತ್ತಿರುತ್ತೀರಿ. ಸತ್ತದ್ದನ್ನು ಚೀಲದಲ್ಲಿ ತುಂಬಿ ಹಿಂಬಾಗಿಲಿನಿಂದ ಸಾಗಿಸುವವರು ಬೇರೆ ಯಾರೋ.

ಇದನ್ನೆಲ್ಲ ಬರೆದು ಯೋಜನಾ ಸಮಿತಿಗೆ ಕಳುಹಿಸಿದೆ. ಬಲು ಸೌಜನ್ಯದ ಉತ್ತರ ಬಂದಿದೆ. ಸಲಹೆಗಳನ್ನು ಗಂಭೀರವಾಗಿ ಪರಿಗಣಿಸುತ್ತಾರಂತೆ. ಸದ್ಯಕ್ಕೆ ಮೀನುಗಳಿಗೆ ಹೆಸರಿಡುವ ಸ್ಪರ್ಧೆ ನಡೆಯುತ್ತಿರುವುದರಿಂದ, ಜನರೇಟರ್ ವಿಷಯವನ್ನು ಮುಂದಿನ ಸಭೆಗೆ ಇಟ್ಟುಕೊಂಡಿದ್ದಾರೆ.