ಅಮೆರಿಕದ ಕೋರ್ಟ್ ಗರ್ಭಪಾತ ನಿಷೇಧಿಸಿತೇ?

‘2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಗರ್ಭಪಾತ ನಿಷೇಧಿಸಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಗರ್ಭಪಾತಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದು 1973ರ ರೋ ವರ್ಸಸ್ ವೇಡ್ ತೀರ್ಪು ಹೇಳಿತ್ತು. 15 ವಾರಗಳ ನಂತರ ಗರ್ಭಪಾತ ತಡೆಯುವ ಮಿಸಿಸಿಪಿ ರಾಜ್ಯದ ಕಾನೂನು ಕೋರ್ಟ್ ಮೆಟ್ಟಿಲೇರಿತು. ಆ ಡಾಬ್ಸ್ ಪ್ರಕರಣದಲ್ಲಿ, 2022ರ ಜೂನ್ 24ರಂದು, ಕೋರ್ಟ್ ಹಳೆಯ ತೀರ್ಪನ್ನೇ ರದ್ದು ಮಾಡಿತು. ನಿಷೇಧ ಹೇರಲಿಲ್ಲ; ನಿರ್ಧಾರವನ್ನು ರಾಜ್ಯಗಳಿಗೆ ಬಿಟ್ಟಿತು.

ಹಾಗಾಗಿ ಟೆಕ್ಸಾಸ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧ, ಕ್ಯಾಲಿಫೋರ್ನಿಯಾದಲ್ಲಿ ರಾಜ್ಯ ಸಂವಿಧಾನದಲ್ಲೇ ರಕ್ಷಣೆ. ರಿಪಬ್ಲಿಕನ್ನರ ಬಲ ಜಾಸ್ತಿ ಇರುವ ಕಾನ್ಸಾಸ್‌ನಲ್ಲೂ ಆ ಆಗಸ್ಟ್‌ನಲ್ಲಿ ಜನರೇ ಮತ ಹಾಕಿ ಈ ಹಕ್ಕನ್ನು ಉಳಿಸಿಕೊಂಡರು.

ಹಾಗಂತ ಪೆಟ್ಟು ಸಣ್ಣದೇನಲ್ಲ. ನಿಷೇಧವಿರುವ ಕಡೆಯ ಬಡ ಹೆಣ್ಣುಮಗಳು ಕೆಲಸ ಬಿಟ್ಟು, ದುಡ್ಡು ಹೊಂದಿಸಿಕೊಂಡು, ಬೇರೆ ರಾಜ್ಯಕ್ಕೆ ಹೋಗಬೇಕಾಗುತ್ತದೆ.