ಎರಡು ವರ್ಷದ ಮಗುವಿಗೂ ಕರ್ಲಿಂಗ್ ಆಡಿಸಿ

ಕೆನಡಾದ ಕ್ಯಾಲ್ಗರಿಯಲ್ಲಿ ಮೈನಸ್ 25 ಡಿಗ್ರಿಗೆ ಇಳಿದ ದಿನ ಪುಟ್ಟ ಮಕ್ಕಳನ್ನು ಹೊರಗೆ ಆಡೋಕೆ ಬಿಡೋ ಹಾಗಿಲ್ಲ. ಅಂಥ ದಿನ ಇಲ್ಲಿನ ನಮ್ಮ ಕನ್ನಡದ ಎಷ್ಟೋ ಮನೆಗಳಲ್ಲಿ ಮಗುವಿನ ಕೈಗೆ ಫೋನ್ ಬರುತ್ತೆ. ಅಪ್ಪ ಅಮ್ಮನನ್ನು ದೂರೋಕೆ ಇದನ್ನ ಬರೀತಿಲ್ಲ. ಅಡುಗೆ, ಆಫೀಸ್ ಕಾಲ್ ಎಲ್ಲ ಒಟ್ಟಿಗೆ ನಡೀವಾಗ ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೆ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಚಳಿಗಾಲದಲ್ಲೂ ಲೆಕ್ಕ ಅಷ್ಟೇ.

ಅದಕ್ಕೆ ಅಂಗಡಿಯ ಪ್ಲಾಸ್ಟಿಕ್ ಸೆಟ್ ಬೇಕಿಲ್ಲ, ನಿಯಮವೂ ಬೇಕಿಲ್ಲ ಅನ್ನೋದು ನನ್ನ ವಾದ. ಈ ವಯಸ್ಸಿಗೆ ದೂಡೋಕೆ, ಎಳೆಯೋಕೆ, ಜಾರೋಕೆ ಏನಾದರೂ ಸಿಕ್ಕಿದರೆ ಸಾಕು. ಚಳಿ ದೇಶದ ಆಟಗಳಲ್ಲಿ ಇರೋದೂ ಇದೇ ತಾನೆ?

ಕರ್ಲಿಂಗ್ ನೋಡಿ, ಐಸ್ ಮೇಲೆ ಭಾರದ ಕಲ್ಲನ್ನ ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸೋ ಆಟ. ಅದರ ಗ್ರಾನೈಟ್ ಕಲ್ಲು ಸುಮಾರು 19 ಕಿಲೋ. ನಮ್ಮನೆಯ ಕಲ್ಲು ಅಂದ್ರೆ ರಾಗಿ ತುಂಬಿದ ಅಗಲದ ಡಬ್ಬಿ. ಮುಚ್ಚಳದ ಸುತ್ತ ಗಟ್ಟಿಯಾಗಿ ಟೇಪ್ ಸುತ್ತಿ, ತಳಕ್ಕೆ ಹಳೇ ಸಾಕ್ಸ್ ಅಂಟಿಸಿದೀನಿ. ಮರದ ನೆಲದ ಮೇಲೆ ಟೇಪಿನಲ್ಲೇ ಒಂದು ದೊಡ್ಡ ವೃತ್ತ. ಮಗಳು ಮಂಡಿಯೂರಿ ಎರಡೂ ಕೈಯಿಂದ ದೂಡ್ತಾಳೆ, ರಾಗಿ ಸರ್ರಂತ ಸದ್ದು ಮಾಡ್ತಾ ಡಬ್ಬಿ ಜಾರುತ್ತೆ, ಇವಳು ಹಿಂದೆಯೇ ಓಡಿ ಅದನ್ನ ತಬ್ಬಿಕೊಳ್ತಾಳೆ. ವೃತ್ತದಲ್ಲಿ ನಿಂತಿತಾ ಇಲ್ವಾ ಅವಳಿಗೆ ಮುಖ್ಯ ಅಲ್ಲ, ದಯವಿಟ್ಟು ನಾವೂ ಅದನ್ನ ಮುಖ್ಯ ಮಾಡೋದು ಬೇಡ. ಐಸ್ ಮೇಲೆ ಆಟಗಾರರು ಕಲ್ಲಿನ ಮುಂದೆ ಗುಡಿಸೋದು ಘರ್ಷಣೆ ಕಡಿಮೆ ಮಾಡೋಕೆ. ಇಲ್ಲಿ ಕೈಗೊಂದು ಪುಟ್ಟ ಪೊರಕೆ ಕೊಡಿ, ಗುಡಿಸೋದೇ ಒಂದು ಆಟ ಆಗುತ್ತೆ.

ಡೈಪರ್ ಬಂದ ರಟ್ಟಿನ ಡಬ್ಬಕ್ಕೆ ಹಳೇ ದುಪಟ್ಟಾ ಕಟ್ಟಿದರೆ ಸ್ಲೆಡ್, ಅಂದ್ರೆ ಹಿಮದ ಮೇಲೆ ಜಾರೋ ಬಂಡಿ. ಮಲೆನಾಡಲ್ಲಿ ಅಡಿಕೆ ಹಾಳೆ ಮೇಲೆ ಕೂತು ಎಳೆಸಿಕೊಂಡು ಬೆಳೆದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ! ನಮ್ಮ ಶಿವ ಕೇಶವನ್ ಕೂಡ ಹಿಮಾಲಯದ ರಸ್ತೆಗಳಲ್ಲಿ ಚಕ್ರದ ಸ್ಲೆಡ್ ಮೇಲೆ ಅಭ್ಯಾಸ ಮಾಡಿದವರು. 1998ರಿಂದ 2018ರವರೆಗೆ ಆರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಲೂಜ್, ಅಂದ್ರೆ ಸ್ಲೆಡ್ ಮೇಲೆ ಅಂಗಾತ ಮಲಗಿ ಐಸ್ ಹಾದಿಯಲ್ಲಿ ಜಾರೋ ಆಟ, ಆಡಿದರು. ಇದ್ದಿದ್ದರಲ್ಲೇ ಮಾಡಿಕೊಳ್ಳೋದನ್ನ ಅವರಿಂದ ಕಲೀಬೇಕು.

ಕಾಲಡಿಗೆ ಪೇಪರ್ ಪ್ಲೇಟ್ ಇಟ್ಟು ಸ್ಕೇಟಿಂಗ್ ಆಡಿಸೋದಾದರೆ ಕಾರ್ಪೆಟ್ ಮೇಲೆ ಮಾತ್ರ, ನುಣುಪು ನೆಲದ ಮೇಲೆ ಬೇಡ. ಸ್ನೋಬಾಲ್ ಅಂತ ಸಣ್ಣ ಹತ್ತಿ ಉಂಡೆ ಕೊಡಬೇಡಿ, ಬಾಯಿಗೆ ಹೋಗುತ್ತೆ. ಮಡಚಿದ ಸಾಕ್ಸ್ ಸಾಕು. ಸ್ಲೆಡ್ ಎಳೆಯೋ ಮುಂಚೆ ಮೆಟ್ಟಿಲ ಬಳಿಯ ಗೇಟ್ ಹಾಕಿದೀರಾ ಅಂತ ಒಂದ್ಸಲ ನೋಡ್ಕೊಳ್ಳಿ.