ಅರ್ಹತೆ ಇದೆ, ಸೀಟಿಲ್ಲ

ಸರ್ಕಾರಿ ಕಚೇರಿಯಲ್ಲಿ 'ಹೋಗಿ, ಆಮೇಲೆ ಬನ್ನಿ' ಅನ್ನಿಸಿಕೊಳ್ಳುವುದು ನಮ್ಮ ಹಣೆಬರಹ ಮಾತ್ರ ಅಂದುಕೊಂಡಿದ್ದೆವು ಅಲ್ವಾ? ಅಮೆರಿಕದ ಮೊನಾರ್ಕ್ ಚಿಟ್ಟೆಯದೂ ಅದೇ ಪಾಡು.

ಈ ಚಿಟ್ಟೆಗಳು ಚಳಿಗಾಲಕ್ಕೆ ಮೆಕ್ಸಿಕೋದ ಬೆಟ್ಟಗಳಿಗೆ ಹಾರಿಹೋಗುತ್ತವೆ. ಅಲ್ಲಿನ ಫರ್ ಮರಗಳಿಗೆ ಗೊಂಚಲು ಗೊಂಚಲಾಗಿ ಜೋತುಬೀಳುತ್ತವೆ, ಕೊಂಬೆಯೇ ಬಾಗುವಷ್ಟು. ಒಂದೊಂದಾಗಿ ಎಣಿಸುವವರು ಯಾರು? ಹಾಗಾಗಿ ಎಷ್ಟು ಕಾಡು ತುಂಬಿದೆ ಅಂತ ಅಳೆಯುತ್ತಾರೆ. 1996-97ರಲ್ಲಿ 18 ಹೆಕ್ಟೇರ್ ಇತ್ತು. 2013-14ರಲ್ಲಿ 0.67. ಎರಡು ಎಕರೆಯೂ ಇಲ್ಲ.

ಗಾಬರಿಬಿದ್ದ ಸಂರಕ್ಷಣಾ ಸಂಸ್ಥೆಗಳು 2014ರಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಗೆ ಅರ್ಜಿ ಹಾಕಿದವು. ಇಲಾಖೆ ಓದಿತು. ಆರು ವರ್ಷ ಓದಿತು. 2020ರ ಡಿಸೆಂಬರಿನಲ್ಲಿ ಉತ್ತರ ಬಂತು: ಕಾನೂನಿನ ರಕ್ಷಣೆಗೆ ಚಿಟ್ಟೆ ಅರ್ಹ, ಆದರೆ ಅದಕ್ಕಿಂತ ತುರ್ತಿನ ಜೀವಿಗಳಿವೆ, ಸದ್ಯ ಸಾಲಿನಲ್ಲಿ ನಿಲ್ಲಲಿ. ಬೇಸಿಗೆಯ ಮೊನಾರ್ಕ್ ಬದುಕುವುದು ಎರಡರಿಂದ ಐದು ವಾರ. ಅರ್ಜಿ ಹಾಕಿದ ಕಾಲದ ಚಿಟ್ಟೆಯ ಮರಿಮಕ್ಕಳ ಮರಿಮಕ್ಕಳೂ ಆಗಲೇ ಇರಲಿಲ್ಲ. ಹಿಂಬರಹ ಯಾರ ಕೈಗೆ ಕೊಡೋದು?

ಸನ್ಮಾನಕ್ಕೆ ಮಾತ್ರ ಕೊರತೆಯಿಲ್ಲ. ಇಲಿನಾಯ್ 1975ರಲ್ಲೇ ಇದನ್ನು ರಾಜ್ಯ ಕೀಟ ಮಾಡಿತು. ಮೊನಾರ್ಕ್ ಹುಳು ತಿನ್ನೋದು ಮಿಲ್ಕ್‌ವೀಡ್ ಎಲೆ ಮಾತ್ರ. ಕಿತ್ತರೆ ಹಾಲು ಸುರಿಸುವ, ನಮ್ಮ ಎಕ್ಕದ ನೆಂಟ. ಕಳೆನಾಶಕ ಹೊಡೆದರೂ ಸಾಯದ ಸೋಯಾ, ಮೆಕ್ಕೆಜೋಳದ ತಳಿಗಳು ಬಂದಮೇಲೆ ಇಲಿನಾಯ್ ಸುತ್ತಲಿನ ಹೊಲಗಳಲ್ಲಿ ಬೆಳೆ ಉಳಿಯಿತು, ಮಿಲ್ಕ್‌ವೀಡ್ ಹೋಯಿತು. ಶಾಲು ಹೊದಿಸಿ, ಹಾರ ಹಾಕಿ, ಮುಂದಿದ್ದ ಊಟದ ಎಲೆ ಎಳೆದುಕೊಂಡಂತೆ.

ಕೊನೆಗೆ 2024ರ ಡಿಸೆಂಬರಿನಲ್ಲಿ ಚಿಟ್ಟೆಗೆ ಕಾನೂನಿನ ರಕ್ಷಣೆ ಕೊಡುವ ಕರಡು ನಿಯಮ ಹೊರಬಿತ್ತು. ರಕ್ಷಣೆಗಿಂತ ವಿನಾಯಿತಿಗಳನ್ನು ಓದುವುದೇ ಮಜಾ. ಈಗಾಗಲೇ ಉಳುತ್ತಿರುವ ಹೊಲದ ಮಾಮೂಲಿ ಬೇಸಾಯಕ್ಕೆ ಅಡ್ಡಿಯಿಲ್ಲ. ಓಡುವ ಕಾರಿಗೆ ಚಿಟ್ಟೆ ಬಡಿದರೆ ತಪ್ಪಲ್ಲ. ವರ್ಷಕ್ಕೆ 250 ಚಿಟ್ಟೆಗಳವರೆಗೆ ಮನೆಯಲ್ಲೇ ಸಾಕಿ ಹಾರಿಬಿಡಬಹುದು. ಬಾಟಲಿಯಲ್ಲಿ ಹುಳು ಸಾಕುವ ಮಕ್ಕಳ ಮೇಲೆ ಕೇಸು ಹಾಕಬೇಕಿಲ್ಲ, ಸರಿಯೇ. ಆದರೆ 251ನೆಯದು ರೆಕ್ಕೆ ಬಿಚ್ಚಿದಾಗ ಮಹಜರಿಗೆ ಯಾರು ಬರುತ್ತಾರೋ!

ಇನ್ನು ಕೀಟನಾಶಕ. ಅದನ್ನೇನು ಮಾಡೋಣ ಅಂತ ಸಾರ್ವಜನಿಕರನ್ನೇ ಕೇಳಿದರು. ಮಾರ್ಚ್‌ನಲ್ಲಿ ಮುಗಿದ ಗಡುವನ್ನು ಮತ್ತೆ ತೆರೆದು 2025ರ ಮೇವರೆಗೆ ಎಳೆದರು. ಅಷ್ಟರಲ್ಲಿ ಮೆಕ್ಸಿಕೋದಿಂದ ವಾಪಸ್ ಹೊರಟ ಚಿಟ್ಟೆಗಳು ದಾರಿಯಲ್ಲೇ ಮೊಟ್ಟೆಯಿಟ್ಟು ತೀರಿಕೊಂಡಿದ್ದವು. ಅವುಗಳ ಅಭಿಪ್ರಾಯ ಕಡತದಲ್ಲಿಲ್ಲ.